ಕಾಜಾಕ್ಕೆ ಕಾದು ಕೂತ ಅಂಗಿಗಳು

ಹೊಲಿಗೆ ಅಂಗಡಿಯ ಅಕ್ಕನ ಕೈಕೆಲಸಕ್ಕೆ ಆ ಬೀದಿಯಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟಳೆಂದು ಆಣೆ ಮಾಡಿ ಹೇಳುವವರೂ ಇಲ್ಲ. ಯಾರು ಬಂದರೂ "ನಾಳೆ ಬನ್ನಿ" ಅನ್ನುವಳು. ಈ ಸಲ ಶಾಲೆಯವರು ಮುಖ ಮುರಿದಂತೆ ಹೇಳಿ ಹೋಗಿದ್ದರು: ಸಮವಸ್ತ್ರ ತಡವಾದರೆ ಮುಂದಿನ ವರ್ಷ ರೆಡಿಮೇಡ್ ಅಂಗಡಿಗೆ ಕೊಡುತ್ತೇವೆ. ಅಂಗಡಿ ನಡೆಯುತ್ತಿದ್ದುದೇ ಆ ಶಾಲೆಯ ಕೆಲಸದಿಂದ.

ಇದಕ್ಕೆ ಅವಳ ತಮ್ಮ ಒಂದು ಮದ್ದು ಹುಡುಕಿಕೊಂಡು ಬಂದಿದ್ದ.

"ನೋಡಕ್ಕಾ, ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್. ಬಟನ್ ಒತ್ತಿದ್ರೆ ನವಿಲು ಬರುತ್ತೆ, ಗುಲಾಬಿ ಬರುತ್ತೆ. ಅಪ್ಪನ ಹಳೇ ಮೆಷಿನ್ ಕೊಟ್ರೆ ರೇಟು ಸ್ವಲ್ಪ ಇಳಿಸ್ತಾರಂತೆ. ಮಿಕ್ಕಿದ್ದಕ್ಕೆ ಸಾಲ ಮಾಡೋಣ."

"ಅಪ್ಪನ ಮೆಷಿನ್ ಮುಟ್ಟಿದ್ರೆ ಕೈ ಕತ್ತರಿಸ್ತೀನಿ," ಎಂದಳು ಅಕ್ಕ. ಕತ್ತರಿ ಕೈಯಲ್ಲೇ ಇತ್ತು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದ.

ಅಪ್ಪ ಇದ್ದಾಗ ಆ ಅಂಗಡಿಯ ಸೊಗಸೇ ಬೇರೆ. ಅಪ್ಪ ಬಟ್ಟೆ ಕತ್ತರಿಸುತ್ತ ರೇಡಿಯೊ ಹಾಡಿಗೆ ತಪ್ಪು ತಪ್ಪಾಗಿ ದನಿಗೂಡಿಸುತ್ತಿದ್ದ. ಅಕ್ಕ ಮೆಷಿನ್ ತುಳಿಯುತ್ತಿದ್ದಳು. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಅಮ್ಮ ಕಾಜಾ ಹಾಕುತ್ತಿದ್ದಳು, ಗುಂಡಿ ತೂರುವ ತೂತಿನ ಸುತ್ತ ಒತ್ತೊತ್ತಾಗಿ ದಾರ ಸುತ್ತಿ. ಅಂಗಿ ಅಮ್ಮನ ಮಡಿಲಿಗೆ ಬಿದ್ದರೆ ಮುಗಿಯಿತು, ಮಾತಾಡುತ್ತಾ ಆಡುತ್ತಾ ಸಿದ್ಧವಾಗುತ್ತಿತ್ತು. ಆಮೇಲೆ ಅಪ್ಪ ಹೋದ, ಅಮ್ಮನ ಕಣ್ಣು ಮಂಜಾಯಿತು. ಅಕ್ಕ ಇನ್ನೂ ಆ ದಿನಗಳನ್ನೇ ನೆನೆಯುತ್ತಿದ್ದಳು. ಆ ಸ್ಟೂಲಿನ ಮೇಲೆ ಅವಳು ಯಾರನ್ನೂ ಕೂರಲು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಎದುರುಗಡೆ ಪ್ರಿಂಟಿಂಗ್ ಪ್ರೆಸ್ ನಡೆಸುವ ಗೆಳತಿ ತನ್ನ ರವಿಕೆ ಕೇಳಲು ಬಂದಳು. ಬೀದಿಗೆಲ್ಲ ಅವಳು ಪ್ರೆಸ್ಸಕ್ಕ. ಅಕ್ಕ ತಮ್ಮಂದಿರ ಜಗಳ ಕೇಳಿ, ರವಿಕೆ ಮರೆತು ನಿಂತಳು.

"ಅಲ್ಲ ಕಣೋ, ಎಂಬ್ರಾಯ್ಡರಿ ಬೇಕು ಅಂತ ಇಲ್ಲಿಗೆ ಎಷ್ಟು ಜನ ಬಂದಿದಾರೆ?"

ತಮ್ಮ ತಲೆ ಕೆರೆದುಕೊಂಡ. "ಒಬ್ರು ಬಂದಿದ್ರು."

"ಯಾರು?"

"ಆ ಮೆಷಿನ್ ಮಾರೋರು."

ಪ್ರೆಸ್ಸಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಮೆಷಿನ್ ಎಷ್ಟು ಜೋರಾಗಿ ಓಡುತ್ತೆ ಅಂತ ಆಮೇಲೆ ಕೇಳು. ನಮ್ಮ ಕೆಲಸ ಎಲ್ಲಿ ನಿಂತಿದೆ ಅಂತ ಮೊದ್ಲು ನೋಡು. ನಂಗೂ ದೊಡ್ಡ ಪ್ರಿಂಟರ್ ತಗೋ ಅಂತ ಎಲ್ರೂ ಹೇಳಿದ್ರು. ನೋಡಿದ್ರೆ ಪ್ರಿಂಟಾದ ಕಾಗದವೇ ಕಟಿಂಗ್ ಆಗದೆ ರಾಶಿ ಬಿದ್ದಿತ್ತು. ಕಟಿಂಗ್ ಮೆಷಿನ್ ತಂದೆ, ಹಳೇ ಪ್ರಿಂಟರೇ ಸಾಕಾಯ್ತು."

ಮೂವರೂ ಅಂಗಡಿಯ ಮೇಲೆ ಒಮ್ಮೆ ಕಣ್ಣಾಡಿಸಿದರು. ಕತ್ತರಿಸುವ ಮೇಜು ಖಾಲಿ. ಅಪ್ಪನ ಮೆಷಿನ್ ಖಾಲಿ. ಕಿಟಕಿಯ ಪಕ್ಕದಲ್ಲಿ ಮಾತ್ರ ಶಾಲೆಯ ಅಂಗಿಗಳು ಸೊಂಟದೆತ್ತರ ಬಿದ್ದಿದ್ದವು, ಹೊಲಿಗೆ ಮುಗಿದು, ಕಾಜಾ ಇಲ್ಲದೆ.

"ಬಿಡುವಾದಾಗ ನಾನೇ ಹಾಕ್ತೀನಿ," ಎಂದಳು ಅಕ್ಕ.

"ಬಿಡುವು ಯಾವಾಗ?"

"ನಾಳೆ," ಎಂದ ತಮ್ಮ.

"ಕಾಜಾ ಹಾಕೋಕೇ ಮೆಷಿನ್ ಇದೆಯಲ್ಲೇ," ಎಂದಳು ಪ್ರೆಸ್ಸಕ್ಕ.

"ಗೊತ್ತು ಕಣೇ. ಆದ್ರೆ ಅದು ಅಮ್ಮನ ಕೆಲಸ, ಅಮ್ಮನ ಜಾಗ..." ಅಕ್ಕ ಸ್ಟೂಲಿನ ಕಡೆ ನೋಡಿದಳು.

ಒಳಗಿನಿಂದ ಅಮ್ಮ ಗೋಡೆ ತಡವುತ್ತ ಬಂದಳು. "ನನ್ನ ಜಾಗಕ್ಕೆ ಕಾವಲು ಕೂರೋಕೆ ನಾನೇನು ಸತ್ತಿದೀನಾ? ಕಾಜಾ ಹಾಕಿ ಹಾಕಿ ನನ್ನ ಬೆರಳು ಹೇಗೆ ಉರೀತಿತ್ತು ಅಂತ ಒಂದಿನ ಆದ್ರೂ ಕೇಳಿದ್ಯಾ? ಆಗ ಅಂಥ ಮೆಷಿನ್ ಇದ್ದಿದ್ರೆ, ನಿಮ್ಮಪ್ಪನ ಪಕ್ಕದಲ್ಲಿ ಎರಡು ಗಳಿಗೆ ಸುಮ್ನೆ ಕೂತಿರ್ತಿದ್ದೆ."

ಅಕ್ಕನಿಗೆ ಅಳು ಬಂತು. ಇಷ್ಟು ವರ್ಷ ತಾನು ಪ್ರೀತಿಯಿಂದ ನೆನೆಯುತ್ತಿದ್ದ ದಿನಗಳಲ್ಲಿ ಅಮ್ಮನ ನೋವೂ ಇತ್ತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸ್ಟೂಲನ್ನು ಅವಳೇ ಪಕ್ಕಕ್ಕೆ ಸರಿಸಿದಳು.

"ಹಾಗಂತ ನಾಳೇನೇ ಕೊಳ್ಳೋಕೆ ಓಡ್ಬೇಡಿ," ಎಂದಳು ಪ್ರೆಸ್ಸಕ್ಕ. "ಒಂದು ತಿಂಗಳು ಬಾಡಿಗೆಗೆ ತನ್ನಿ. ಬಾಡಿಗೆ, ಕರೆಂಟು, ದಾರದ ಖರ್ಚು ಕಳೆದು ಕೈಗೆ ಏನಾದ್ರೂ ಉಳಿಯುತ್ತಾ ನೋಡಿ. ಕೆಟ್ರೆ ರಿಪೇರಿ ಮಾಡೋರು ಹತ್ತಿರ ಇದಾರಾ ಅಂತ ಕೇಳಿ. ಉಳಿದ್ರೆ ಕೊಳ್ಳಿ, ಇಲ್ದಿದ್ರೆ ವಾಪಸ್ ಕೊಡಿ."

ಕಾಜಾ ಮೆಷಿನ್ ಬಾಡಿಗೆಗೆ ಬಂತು. ತಮ್ಮನೇ ಅದನ್ನು ನಡೆಸಲು ಕಲಿತ. ಅಮ್ಮ ಪ್ರತಿ ಕಾಜಾವನ್ನೂ ಬೆರಳಲ್ಲಿ ತಡವಿ, "ಪರವಾಗಿಲ್ಲ, ಆದ್ರೆ ನನ್ನಷ್ಟಿಲ್ಲ," ಎನ್ನುತ್ತಿದ್ದಳು. ಸಮವಸ್ತ್ರ ಗಡುವಿಗೆ ಮುಂಚೆಯೇ ಶಾಲೆ ಸೇರಿತು. ಮುಂದಿನ ವರ್ಷದ ಕೆಲಸವನ್ನೂ ಶಾಲೆಯವರು ಅಕ್ಕನಿಗೇ ಒಪ್ಪಿಸಿದರು. ತಿಂಗಳ ಕೊನೆಗೆ ಖರ್ಚೆಲ್ಲ ಕಳೆದು ಹಿಂದಿಗಿಂತ ಹೆಚ್ಚೇ ಉಳಿದಿತ್ತು. ಆಗ ಮೆಷಿನ್ ಕೊಂಡರು.

ಅಂಗಡಿ ಇಟ್ಟಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ನಿಮ್ಮ ಅಂಗಡಿಯಲ್ಲಿ ಕೆಲಸ ಎಲ್ಲಿ ರಾಶಿ ಬಿದ್ದಿದೆ ನೋಡಿ. ಆಗುವುದಾದರೆ ಬಾಡಿಗೆಗೆ ತಂದು ಪರೀಕ್ಷಿಸಿ. ಹೊಸದೆಂದು ಮರುಳಾಗಬೇಡಿ. ಹಿರಿಯರ ನೆನಪಿದೆಯೆಂದು ಹಳೆಯದಕ್ಕೇ ಅಂಟಿಕೊಳ್ಳಲೂ ಬೇಡಿ. ಹಿರಿಯರು ಮನೆಯಲ್ಲೇ ಇದ್ದರೆ, ಇವತ್ತೇ ಅವರನ್ನು ಒಂದು ಮಾತು ಕೇಳಿ.