ಅಯ್ನೋರ ಪಾದ ಬಿದ್ದ ಬಚ್ಚಲು

ದಾವಣಗೆರೆಯ ಹಳೇಪೇಟೆಯಲ್ಲಿ ಹತ್ತಿ ಅಡತಿ ನಡೆಸುತ್ತಿದ್ದ ಬಕ್ಕೇಶಪ್ಪನಿಗೆ ಆ ವರ್ಷ ದೀಪಾವಳಿ ಹತ್ತಿರ ಬಂದಷ್ಟೂ ಊಟ ಸೇರದಾಯಿತು. ಹರಿಹರದ ಹೊಸ ಅಳಿಯ ಕೊಟ್ಟೂರಪ್ಪ ಹೇಳಿ ಕಳಿಸಿದ್ದ: "ಊಟಕ್ಕೆ ಬರ್ತೀನಿ. ಎಣ್ಣೆನೀರು ಮಾತ್ರ ನಮ್ಮನ್ಯಾಗೇ ಹಾಕ್ಕಂಡು ಬರ್ತೀನಿ." ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಯಲ್ಲಿ ಎರೆದುಕೊಳ್ಳಲಿಲ್ಲವೆಂದರೆ ಪೇಟೆಯ ಜನ ಬಾಯಿಗೆ ಬೀಗ ಹಾಕಿಕೊಂಡಿರುತ್ತಾರೆಯೇ? ಮಗಳು ಅತ್ತೆಮನೆಯಲ್ಲಿ ತಲೆ ಎತ್ತುವುದು ಹೇಗೆ?

ಅಳಿಯನ ಸಿಟ್ಟೆಲ್ಲ ಬಚ್ಚಲಿನ ಮೇಲೆ ಎಂಬುದರಲ್ಲಿ ಬಕ್ಕೇಶಪ್ಪನಿಗೆ ಅನುಮಾನವಿರಲಿಲ್ಲ. ತಾತನ ಕಾಲದ ಬಚ್ಚಲದು. ಹೊಗೆ, ಕತ್ತಲೆ, ಪಾಚಿಗಟ್ಟಿದ ಚಪ್ಪಡಿ. ಮದುವೆಯ ಹೊಸದರಲ್ಲಿ ಕೊಟ್ಟೂರಪ್ಪ ಆ ಚಪ್ಪಡಿಯ ಮೇಲೆ ಜಾರಿ ಅಂಗಾತ ಬಿದ್ದಿದ್ದ. ಓಡಿಬಂದ ಬಕ್ಕೇಶಪ್ಪ ಮೊದಲು ಉರುಳುತ್ತಿದ್ದ ಹಿತ್ತಾಳೆ ಚೊಂಬನ್ನು ಹಿಡಿದು, ನೆಗ್ಗಿದೆಯೇ ಎಂದು ತಿರುಗಿಸಿ ನೋಡಿ, ಆಮೇಲೆ ಅಳಿಯನನ್ನು ಎಬ್ಬಿಸಿದ್ದ. ಜಿಪುಣತನವಲ್ಲ, ಕೈ ಹಾಗೆ ಹೋಯಿತು, ಅಷ್ಟೆ.

ಸರಿ, ಬಚ್ಚಲನ್ನೇ ಒಡೆಸಿದ. ಗಾರೆ ಕೆಲಸದ ಗಿಡ್ಡಪ್ಪ ಚಪ್ಪಡಿ ಕಿತ್ತು ಹಿತ್ತಲಿಗೆ ಹಾಕಿದ. ಮೇಲೆ ಗಾಜಿನ ಹೆಂಚು, ಗೋಡೆಗೆ ಸುಣ್ಣ, ನೆಲಕ್ಕೆ ಮುಖ ಕಾಣುವಂಥ ಕೆಂಪು ಸಿಮೆಂಟು. ಸುದ್ದಿ ಹರಿಹರ ಮುಟ್ಟಿ, ಅಳಿಯನೂ "ಹಂಗಾದ್ರೆ ಅಲ್ಲೇ ಹಾಕ್ಕಂತೀನಿ" ಎಂದು ಒಪ್ಪಿದ. ಬಕ್ಕೇಶಪ್ಪನ ತಾಯಿ ಸರ್ವಮಂಗಳಮ್ಮ ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆಕೆ ಹೊಸ ಕೋಣೆಗೆ ಮೊದಲು ಜಂಗಮರ ಪಾದ ಬೀಳಬೇಕೆಂದು ಜಂಬಯ್ಯನವರನ್ನು ಕರೆಸಿಯೇಬಿಟ್ಟಳು.

"ನೆಲ ಇನ್ನೂ ಹಸಿ ಐತ್ರಿ ಅಜ್ಜಾರೆ!" ಎಂದು ಗಿಡ್ಡಪ್ಪ ಕೂಗುವಷ್ಟರಲ್ಲಿ, ಮಂತ್ರ ಹೇಳುತ್ತಾ ಬಂದ ಜಂಬಯ್ಯನವರ ತುಂಬಿದ ಮೈ ಒಳಗಿತ್ತು. ನಟ್ಟನಡುವೆ ಎರಡೂ ಪಾದ ಚೆನ್ನಾಗಿ ಇಳಿದವು. ಅವರು ಹೋದ ಮೇಲೆ ಗಿಡ್ಡಪ್ಪ ಸರಿಮಾಡಲು ಕರಣಿ ಎತ್ತಿದ. ಮುದುಕಿ ಅವನ ಕೈ ಹಿಡಿದುಕೊಂಡಳು.

"ಅಯ್ನೋರ ಪಾದದ ಮ್ಯಾಲೆ ಕರಣಿ ಆಡಿಸ್ತೀಯೇನೋ? ಕೈ ಸೇದಿ ಹೋದೀತು!"

ಮಾರನೆಯ ದಿನ ಪಾದಗಳಿಗೆ ವಿಭೂತಿ, ಬಿಲ್ವಪತ್ರೆ ಬಿದ್ದವು. ಆಮೇಲೆ ಅಕ್ಕಪಕ್ಕದ ಹೆಂಗಸರು ಊದುಬತ್ತಿ ಹಿಡಿದು ಬಂದರು. ಹಬ್ಬದ ಹಿಂದಿನ ದಿನ ಕೊಟ್ಟೂರಪ್ಪ ಗಾಡಿಯಿಂದಿಳಿದಾಗ ಬಚ್ಚಲಿನ ಬಾಗಿಲಲ್ಲಿ ಕಾಯಿ ಒಡೆಯುತ್ತಿತ್ತು.

"ಇದೇನ್ರಿ ಮಾವಾರೆ, ಬಚ್ಚಲೋ ಗುಡಿಯೋ?"

ಬಕ್ಕೇಶಪ್ಪನಿಗೆ ಅಳು ಬರುವುದೊಂದು ಬಾಕಿ. ಉಳಿದಿದ್ದು ಒಂದೇ ದಾರಿ, ಜಂಬಯ್ಯನವರೇ ಬಂದು 'ತೊಂದರೆಯಿಲ್ಲ, ಸ್ನಾನ ಮಾಡಿ' ಎನ್ನಬೇಕು. ಹಬ್ಬದ ಬೆಳಿಗ್ಗೆ ಕಾಲಿಗೆ ಬಿದ್ದು ಕರೆತಂದ. ಅಷ್ಟರಲ್ಲಿ ಅಳಿಯನ ತಲೆಗೆ ಎಣ್ಣೆ ಬಿದ್ದಾಗಿತ್ತು. ಜಂಬಯ್ಯನವರು ಹೂವಿನ ನಡುವೆ ಹೊಳೆಯುತ್ತಿದ್ದ ತಮ್ಮ ಪಾದಗಳನ್ನು ಕಂಡರು. ಕಣ್ಣು ತುಂಬಿತು. ಭಕ್ತಿಯಿಂದ ಬಗ್ಗಿ ತಮಗೆ ತಾವೇ ನಮಸ್ಕಾರ ಮಾಡಿಕೊಂಡರು.

"ಇಲ್ಲಿ ಬ್ಯಾರೆಯೋರು ನಿಂದ್ರಬಾರ್ದು ಬಕ್ಕೇಶಪ್ಪ. ನಾನು ನಿಂತ್ರೆ ಅಡ್ಡಿಯಿಲ್ಲ, ಅಳತೇನೂ ಸರಿ ಐತೆ. ಒಂದಿಷ್ಟು ಬಿಸಿನೀರು ತರಿಸು."

ಅಳಿಯನಿಗೆಂದು ಕಾಯಿಸಿದ ಹಂಡೆಯ ನೀರು ಕೊಡಕೊಡವಾಗಿ ಒಳಗೆ ಹೋಗತೊಡಗಿತು. ಬಕ್ಕೇಶಪ್ಪ ಮಾನಬಿಟ್ಟು ಒಂದು ಕೊಡವನ್ನು ಕದ್ದು ಹಿತ್ತಲಿಗೆ ಹೊತ್ತ. ಅಲ್ಲಿ ಇದ್ದದ್ದು ಆ ಹಳೇ ಚಪ್ಪಡಿಯೊಂದೇ. ಎಣ್ಣೆ ಸುರಿಸುತ್ತಾ ಕೊಟ್ಟೂರಪ್ಪ ಅದರ ಮೇಲೆ ಹತ್ತಿದ, ಹತ್ತಿದವನೇ ಜಾರಿದ.

ಬಕ್ಕೇಶಪ್ಪ ಎರಡೂ ಕೈಯಿಂದ ಅವನನ್ನು ತಬ್ಬಿ ಹಿಡಿದ. ನೀರೆರೆಯಲು ಹಿಡಿದಿದ್ದ ಅದೇ ಹಿತ್ತಾಳೆ ಚೊಂಬು ಕೈಬಿಟ್ಟು ಹಾರಿ, ಕಲ್ಲಿಗೆ ಬಡಿದು, ಠಣಠಣ ಉರುಳುತ್ತಾ ಮೋರಿಯ ಕಡೆ ಹೋಯಿತು. ಬಕ್ಕೇಶಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಅಳಿಯನನ್ನು ಬಿಡಲಿಲ್ಲ.

"ಮಾವಾರೆ, ಚೊಂಬು..."

"ಹಾಳಾಗಿ ಹೋಗ್ಲಿ ಬಿಡ್ರಿ ಅದು! ನಿಮಗೇನೂ ಪೆಟ್ಟಾಗ್ಲಿಲ್ಲಲ್ಲ?"

ಕೊಟ್ಟೂರಪ್ಪ ಮಾವನ ಮುಖ ನೋಡಿದ. ಆಮೇಲೆ ನಕ್ಕ.

"ಈ ಮಾತು ಅವತ್ತೇ ಅಂದಿದ್ರೆ ಬಚ್ಚಲು ಒಡಿಸೋದೇ ತಪ್ತಿತ್ತಲ್ರಿ."

ಒಳಗಿನಿಂದ ಜಂಬಯ್ಯನವರು ಇನ್ನೊಂದು ಕೊಡ ಬಿಸಿನೀರು ಕೇಳಿದರು. ಮಾವ ಅಳಿಯ ಇಬ್ಬರೂ ಕೇಳಿಸದವರಂತೆ ಇದ್ದುಬಿಟ್ಟರು.