ನೀರು ಬಂದ ದಿನದ ಗೆರೆ

ಜೂನ್ ೪, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸೋದರತ್ತೆಯ ಹೊಲಿಗೆ ಅಂಗಡಿಯ ಮುಂದೆ ನಗರಸಭೆಯ ಎಂಜಿನಿಯರ್ ಕಡತ ಹಿಡಿದು ಜೀಪಿನಿಂದ ಇಳಿದಳು. ಅವಳ ಹಿಂದೆ ಇಳಿದವರು ಅನುದಾನ ಮಂಜೂರು ಮಾಡುವ ಅಧಿಕಾರಿ. ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಪುರಾವೆ ಸಾಹೇಬರು’ ಎಂದೇ. ಕಾಲುವೆಯ ದಡಕ್ಕೆ ತಡೆಗೋಡೆ ಕಟ್ಟಿಸುವ ಅವಳ ಯೋಜನೆಯನ್ನು ಅವರು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಎರಡು ಸಲವೂ ಒಂದೇ ಷರಾ: ‘ಹಿಂದಿನ ಪ್ರವಾಹದ ಎತ್ತರಕ್ಕೆ ಪುರಾವೆ ಇಲ್ಲ.’ ಇವತ್ತೂ ಸಹಿ ಬೀಳದಿದ್ದರೆ ಈ ಬೀದಿಯ ಗೋಡೆ ಇನ್ನೊಂದು ವರ್ಷ ಕಾಗದದ ಮೇಲೇ ನಿಲ್ಲಬೇಕಿತ್ತು.

ಪುರಾವೆ ಇದ್ದದ್ದು ಅತ್ತೆಯ ಬಾಗಿಲ ಚೌಕಟ್ಟಿನಲ್ಲಿ. ಮೂವತ್ತನಾಲ್ಕು ವರ್ಷದ ಹಿಂದೆ ಕತ್ತರಿಯ ಮೊನೆಯಿಂದ ಗೀರಿದ ಒಂದು ಗೆರೆ, ಪಕ್ಕದಲ್ಲಿ ತಾರೀಕು. ಅತ್ತೆ ಅದನ್ನು ಯಾವಾಗಲೂ ‘ನೀರು ಬಂದ ದಿನದ ಗೆರೆ’ ಎನ್ನುತ್ತಿದ್ದಳು. ನೆಲದಿಂದ ೧.೧೮ ಮೀಟರ್. ಎಂಜಿನಿಯರ್ ಮೂರು ಸಲ ಅಳೆದು ಈ ಬಾರಿ ಕಡತಕ್ಕೆ ಸೇರಿಸಿದ್ದಳು.

ಸಾಹೇಬರು ಫೋನಿನಲ್ಲಿ ಮಾತಾಡುತ್ತ ಬೀದಿಯಲ್ಲೇ ಉಳಿದರು. ಒಳಗೆ ಅತ್ತೆ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆಯದೆ ಕೇಳಿದಳು, “ಏನೇ ಗಿಡ್ಡಿ, ನಿನ್ನ ಗೆರೆ ನೋಡೋಕೆ ಅಷ್ಟು ದೊಡ್ಡ ಸಾಹೇಬ್ರು ಯಾಕೆ ಬಂದ್ರು?”

“ನನ್ನ ಗೆರೆನಾ? ಅದು ನೀರಿನ ಗೆರೆ ಅಲ್ವಾ ಅತ್ತೆ?”

“ನೀರಿನದ್ದಲ್ಲ ಕಣೇ, ನೀರು ಬಂದ ದಿನದ್ದು! ನೀರು ಇಳಿದ ಮೇಲೆ ನಿನ್ನ ಅಲ್ಲಿ ನಿಲ್ಲಿಸಿ ತಲೆ ಮಟ್ಟಕ್ಕೆ ಗೀರಿದೆ. ಏಳು ವರ್ಷ ನಿಂಗೆ. ಗೋಡೆ ಮೇಲಿನ ಕಲೆ ನಿನ್ನ ಗಲ್ಲಕ್ಕೆ ಬಂದಿತ್ತು. ನೋಡಿ ನಂಗೆ ಕೈಕಾಲೇ ಆಡ್ಲಿಲ್ಲ.”

ಪ್ರವಾಹವೆಂದುಕೊಂಡು ಅವಳು ಮೂರು ಸಲ ಅಳೆದದ್ದು ತನ್ನನ್ನೇ!

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೋಡೆ ಒಂದು ಗೇಣು ಎತ್ತರವಾದರೆ ಯಾರೂ ಮುಳುಗುವುದಿಲ್ಲ. ಆದರೆ ತಪ್ಪೆಂದು ಗೊತ್ತಿರುವ ಅಂಕಿ ಕಡತದಲ್ಲಿ ಕೂತಿದ್ದರೆ ಅವಳಿಗೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ. ಹೊರಗೆ ಹೋಗಿ ಹೇಳಿಯೇಬಿಟ್ಟಳು.

ಸಾಹೇಬರು ಫೋನನ್ನು ಜೇಬಿಗಿಳಿಸಿದರು. “ಅಂದ್ರೆ ಮೇಡಂ, ಇಷ್ಟು ದಿನ ನೀವು ಗೋಡೆ ಕಟ್ಟೋಕೆ ಹೊರಟಿದ್ದು ನಿಮ್ಮನ್ನೇ ತಡೆಯೋಕಾ?”

ಅತ್ತೆ ಒಳಗಿನಿಂದಲೇ ಕೂಗಿದಳು, “ನಿಮಗೆ ಬೇಕಾಗಿರೋದು ಕಲೆ ತಾನೇ? ಈ ಬಟ್ಟೆ ಬೀರು ಸರಿಸಿ. ಅದರ ಹಿಂದೆ ನಾನು ಬಣ್ಣ ಹೊಡೆಸಿದ್ದೇ ಇಲ್ಲ.”

ಮೂವರೂ ಸೇರಿ ನೂಕಿದರು. ಹಿಂದಿನ ಗೋಡೆಯ ಮೇಲೆ ಸ್ಕೇಲು ಇಟ್ಟು ಎಳೆದಂಥ ಕಂದು ಗೆರೆ.

“ಸೋರಿದ ಕಲೆನೂ ಇರಬಹುದಲ್ಲ?” ಎಂದರು ಸಾಹೇಬರು.

ಎಂಜಿನಿಯರಿಗೆ ಈಗ ಹುರುಪು ಬಂತು. ಎದುರಿನ ಮುದ್ರಣಾಲಯದ ಹಳೆಯ ಮರದ ಕಪಾಟಿನಲ್ಲೂ ಅಂಥದೇ ಕಲೆಯಿದ್ದದ್ದು ಅವಳಿಗೆ ನೆನಪಾಯಿತು. ಅವಳು ಜೀಪಿನಿಂದ ಉದ್ದನೆಯ ಪಾರದರ್ಶಕ ಕೊಳವೆ ತಂದು ನೀರು ತುಂಬಿಸಿದಳು. ಗಾರೆ ಕೆಲಸದವರು ಮಟ್ಟ ನೋಡುವುದು ಇದರಲ್ಲೇ. ಕೊಳವೆಯ ಎರಡು ತುದಿ ಎಷ್ಟು ದೂರವಿದ್ದರೂ ಒಳಗಿನ ನೀರು ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಎರಡು ಕಲೆಗಳೂ ಒಂದೇ ಮಟ್ಟದಲ್ಲಿದ್ದರೆ, ಅವನ್ನು ಬಿಟ್ಟುಹೋದದ್ದು ಒಂದೇ ನೀರು.

ಮುದ್ರಣಾಲಯದ ತುದಿಯನ್ನು ಸಾಹೇಬರು ತಾವೇ ಹಿಡಿಯುತ್ತೇನೆಂದರು.

“ಹೆಬ್ಬೆರಳು ನಿಧಾನಕ್ಕೆ ತೆಗೀರಿ ಸಾರ್, ಕೊಳವೆ ಇನ್ನೂ ಮೇಲೆ...” ಎನ್ನುವಷ್ಟರಲ್ಲಿ ನೀರು ಚಿಮ್ಮಿ ಸಾಹೇಬರ ಇಸ್ತ್ರಿ ಅಂಗಿ ತೊಯ್ದು ತೊಪ್ಪೆಯಾಯಿತು.

“ಸಿಕ್ತಲ್ಲ ಸಾಹೇಬ್ರೇ, ಪುರಾವೆ!” ಎಂದಳು ಅತ್ತೆ ಬಾಗಿಲಲ್ಲಿ ನಿಂತು.

ಸಾಹೇಬರು ಅಂಗಿಯನ್ನು ನೋಡಿಕೊಂಡರು, ಅತ್ತೆಯನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೆಯ ಸಲ ನೀರು ಸರಿಯಾಗಿ ನಿಂತಿತು. ಎರಡು ಕಲೆಗಳ ನಡುವಿನ ವ್ಯತ್ಯಾಸ ನಾಲ್ಕೇ ಮಿಲಿಮೀಟರ್. ಅಂಗಡಿಯ ಕಲೆಯ ಎತ್ತರವನ್ನು ಎಂಜಿನಿಯರ್ ಟೇಪು ಹಿಡಿದು ಅಳೆದಳು. ಸಾಹೇಬರು ಅತ್ತೆಯ ಸ್ಟೂಲಿನ ಮೇಲೆ ಕೂತು, ಅತ್ತೆ ಕೊಟ್ಟ ಚೂರು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಕಡತ ತೆರೆದರು.

“ಗೋಡೆ ಇಪ್ಪತ್ತು ಸೆಂಟಿಮೀಟರ್ ತಗ್ಗಿತು ಮೇಡಂ. ಅದರಲ್ಲಿ ಉಳಿಯೋ ದುಡ್ಡಿಗೆ ಬೀದಿ ಕೊನೆಗೆ ಒಂದು ಪಂಪು ಹಾಕಿಸಿ,” ಎಂದು ಸಹಿ ಹಾಕಿದರು.

ಎಂಜಿನಿಯರ್ ೧.೧೮ನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸ ಅಂಕಿ ಬರೆದಳು. ಅಂಗಡಿಯ ನೆಲದಿಂದ ಪ್ರವಾಹದ ಎತ್ತರ: ೦.೯೮ ಮೀಟರ್.