ವಿರಾಮದ ವೇಳೆಯ ಸನ್ಮಾನ

ಫಲಕದ ಮೇಲೆ 'ನಿವೃತ್ತ ಗೋಲ್‌ಕೀಪರ್' ಎಂದು ಬರೆದಿದ್ದುದನ್ನು ಚಂದ್ರಪ್ರಭ ಓದಿದ್ದು ಶಾಲು ಹೆಗಲಿಗೆ ಬಿದ್ದ ಮೇಲೆ. ಫುಟ್‌ಬಾಲ್ ಫೈನಲ್ ಪಂದ್ಯದ ವಿರಾಮದಲ್ಲಿ ಅವನನ್ನು ವೇದಿಕೆಗೆ ಕರೆದಿದ್ದರು. ಆಟ ಇನ್ನೂ ಅರ್ಧ ಬಾಕಿಯಿತ್ತು.

"ಇದನ್ನ ಯಾವತ್ತು ಮಾಡಿಸಿದ್ರಿ?" ಎಂದು ಕೇಳಿದ.

"ಹೋದ ವಾರನೇ. ಕೊನೇಲಿ ಅರ್ಜೆಂಟ್ ಆಗ್ಬಿಡುತ್ತೆ ನೋಡಿ," ಎಂದ ಸಾಗರದ ಕ್ಲಬ್ಬಿನ ಅಧ್ಯಕ್ಷ ಶ್ರೀಕಾಂತ, ಕ್ಯಾಮರಾದ ಕಡೆಗೆ ನಗುತ್ತ.

ಸಾಗರದಲ್ಲಿ ಆರು ವರ್ಷ, ಹೊಸನಗರದಲ್ಲಿ ನಾಲ್ಕು, ತೀರ್ಥಹಳ್ಳಿಯಲ್ಲಿ ಐದು. ಹೀಗೆ ಹದಿನೈದು ವರ್ಷ ಚಂದ್ರಪ್ರಭ ಗೋಲ್‌ಕೀಪರ್ ಎನಿಸಿಕೊಂಡು ಬೆಂಚಿನ ಮೇಲೆ ಕೂತವನು. ಯಾರದಾದರೂ ಕಾಲು ಉಳುಕಿದರೆ ಆಡುವುದು, ಇಲ್ಲದಿದ್ದರೆ ನೀರಿನ ಬಾಟಲಿ ಹೊರುವುದು. ಮೂವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಸಾಗರಕ್ಕೆ ಬಂದ ಮೇಲೆ ಮೊದಲ ಹನ್ನೊಂದರಲ್ಲಿ ಅವನ ಹೆಸರು ಬಂತು. ಇದು ಅವನು ಆಡುತ್ತಿದ್ದ ಮೊದಲ ಫೈನಲ್. ಎದುರಾಳಿ ತೀರ್ಥಹಳ್ಳಿ. ಆಗಲೇ ನಾಲ್ಕು ಚೆಂಡು ತಡೆದಿದ್ದ.

ಅಧ್ಯಕ್ಷರ ಅಳಿಯ, ಬದಲಿ ಕೀಪರ್ ಬಾಲುವಿಗೆ ಫೈನಲ್ ಆಡಿದ ಫೋಟೋ ಬೇಕಿತ್ತು. ಆಡಬಲ್ಲವನನ್ನು ಗೌರವಿಸಿ ಕೂರಿಸುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಡ; ಶ್ರೀಕಾಂತನಿಗೆ ಇದ್ದಷ್ಟೇ ಸಾಕಾಯಿತು.

ಚಂದ್ರಪ್ರಭನ ಹೆಂಡತಿ ಜಿನಮತಿ ವೇದಿಕೆಯ ಪಕ್ಕಕ್ಕೆ ಬಂದು ನಿಂತಳು. "ಇಳೀರಿ. ಸೀಟಿ ಇನ್ನೂ ಆಗಿಲ್ಲ."

"ವಂದನಾರ್ಪಣೆ ಆಗ್ಲಿ ಮಾರಾಯ್ತಿ. ಶಾಲು ಹೊದ್ಕಂಡು ಮಧ್ಯದಲ್ಲಿ ಎದ್ರೆ ಸಭೆಗೆ ಅವಮಾನ."

"ನಿಮ್ ಬದ್ಲು ಬಾಲು ಹೆಸರು ಕೊಟ್ಟಿದಾರೆ. ಸೀಟಿ ಆದ್ಮೇಲೆ ನಿಮ್ಮನ್ನ ಒಳಗೆ ಬಿಡಲ್ಲ."

"ಎರಡು ನಿಮಿಷ."

"ಹದ್ನೈದು ವರ್ಷ ಕೂತಿದ್ದು ಸಾಕಾಗ್ಲಿಲ್ಲ ನಿಮಗೆ," ಎಂದು ಅವಳು ಹೊರಟುಹೋದಳು.

ಎರಡು ನಿಮಿಷದಲ್ಲಿ ಮುಗಿಯುವ ವಂದನಾರ್ಪಣೆ ಈ ಮೂರು ತಾಲೂಕುಗಳಲ್ಲಿ ಎಂದೂ ನಡೆದದ್ದಿಲ್ಲ. ಶ್ರೀಕಾಂತ ಮೈಕಿನವರಿಗೆ, ಶಾಮಿಯಾನದವರಿಗೆ, ಸುಣ್ಣದ ಗೆರೆ ಎಳೆದವರಿಗೆ, ಕೋಣಂದೂರಿನಿಂದ ಕುರ್ಚಿ ಕಳಿಸಿದವರಿಗೆ ವಂದಿಸಿದ. ಬಿಟ್ಟುಹೋದವರನ್ನು ನೆನೆದು ಮತ್ತೆ ಮೈಕು ಹಿಡಿದ. ದೇವರ ಸರದಿ ಬಂದದ್ದು ಟ್ರೋಫಿ ಅಂಗಡಿಯವನ ನಂತರ. ರೆಫರಿ ಕಾಯುವಷ್ಟು ಕಾದು ಸೀಟಿ ಊದಿದ. ಬಾಲು ಗ್ಲೌಸ್ ಏರಿಸಿಕೊಂಡು ಮೈದಾನಕ್ಕಿಳಿದ. ಚಂದ್ರಪ್ರಭ ಕೈಮುಗಿದುಕೊಂಡೇ ಕೂತಿದ್ದ. ಮರ್ಯಾದಸ್ಥ. ಇಂಥವರಿಗೆ ಮೋಸ ಮಾಡಲು ಒಂದು ಶಾಲು ಸಾಕು.

ಪಂದ್ಯ ಮುಗಿಯಲು ಐದು ನಿಮಿಷವಿದ್ದಾಗ ತೀರ್ಥಹಳ್ಳಿಗೆ ಪೆನಾಲ್ಟಿ ಸಿಕ್ಕಿತು. ಅಷ್ಟರವರೆಗೆ ಎರಡೂ ಕಡೆ ಗೋಲಿರಲಿಲ್ಲ. ಒದೆಯಲು ಬಂದವನು ಚಂದ್ರಪ್ರಭನ ಜೊತೆ ಐದು ವರ್ಷ ಅಭ್ಯಾಸ ಮಾಡಿದವನು. ಯಾವಾಗಲೂ ಕೀಪರನ ಎಡಕ್ಕೇ ಒದೆಯುವವನು. ಅವನು ಓಡಿ ಬರುತ್ತಿದ್ದಂತೆ, ವೇದಿಕೆಯ ಮುಂದಿನ ಸಾಲಿನಲ್ಲಿ ಚಂದ್ರಪ್ರಭ ಅರ್ಧ ಎದ್ದ. ಎರಡೂ ಕೈ ಎಡಕ್ಕೆ ಚಾಚಿಕೊಂಡವು.

ಬಾಲು ಬಲಕ್ಕೆ ಬಿದ್ದ. ಚೆಂಡು ಎಡಕ್ಕೆ ಹೋಯಿತು.

"ಸ್ವಲ್ಪ ಕೈ ಇಳಿಸ್ತೀರಾ?" ಹಿಂದಿನ ಸಾಲಿನಿಂದ ಯಾರೋ ವಿನಯದಿಂದ ಕೇಳಿದರು. "ನಮಗೆ ಕಾಣ್ತಿಲ್ಲ."

ಅತ್ತ ಬಲೆ ಅಲುಗಾಡಿ ನಿಂತಿತ್ತು. ಚಾಚಿದ ಕೈಗಳು ಇನ್ನೂ ಹಾಗೆಯೇ ಇದ್ದವು.